ಬೇರಕ್ಕನ ನಲವತ್ತೊಂದು ಗಂಟು

ಬಾಯಿ ಖಾಲಿ ಬಿಟ್ಟರೆ ಮನುಷ್ಯ ಕೆಡುತ್ತಾನೆ ಎಂಬುದು ಬೇರಕ್ಕನ ಸಿದ್ಧಾಂತ. ಖಾಲಿ ಬಾಯಿಗೆ ಮೊದಲು ಚಾಡಿ ಬರುತ್ತದೆ, ಆಮೇಲೆ ಹೊಗೆ ಬರುತ್ತದೆ, ಕೊನೆಗೆ ಕೆಮ್ಮು ಬಂದು ಕೂರುತ್ತದೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳ ಬಾಯಿ ಬೆಳಗಿನಿಂದ ಸಂಜೆಯವರೆಗೆ ಮಾತಿನಿಂದಲೇ ತುಂಬಿರುತ್ತಿದ್ದುದರಿಂದ ಅವಳು ಕೆಡುವ ಪ್ರಶ್ನೆಯೇ ಇರಲಿಲ್ಲ.

ಟೈರ್ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವಳ ಅಂಗಡಿ ಕೈ ಚಾಚಿದರೆ ಎರಡು ಗೋಡೆಯೂ ಸಿಗುವಷ್ಟು ಕಿರಿದು. ಗೋಡೆ ತುಂಬ ಮರದ ಡ್ರಾಯರುಗಳು. ಒಂದರ ಮೇಲೂ ಚೀಟಿಯಿಲ್ಲ. ಯಾವುದರಲ್ಲಿ ಯಾವ ಬೇರು, ಯಾವ ಬೀಜ, ಯಾವ ತೊಗಟೆ ಎಂಬುದು ಅವಳ ಮೂಗಿಗೆ ಗೊತ್ತು. ಗಂಡ ಬಿಟ್ಟುಹೋದ ಅಂಗಡಿ ಅದು. ಅವನು ತೀರಿಕೊಂಡಾಗ ಅವಳಿಗೆ ಮೂವತ್ತೊಂದು. ಮಾರಿಬಿಡು ಎಂದ ನೆಂಟರಿಗೆಲ್ಲ, ಮಾರಿದ ಮೇಲೆ ನಿಮ್ಮ ಮನೆಗೆ ಬಂದು ಕೂರಲೇ ಎಂದು ಕೇಳಿದ್ದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಕೆಮ್ಮಿಗೆ, ಹೊಟ್ಟೆನೋವಿಗೆ, ತಲೆಕೂದಲಿಗೆ ಎಂದು ನೂರು ಮದ್ದು ಕೊಡುತ್ತಿದ್ದಳು, ಆದರೆ ಅವಳ ಪ್ರಾಣ ಇದ್ದದ್ದು ಒಂದರಲ್ಲೇ. ತಂಬಾಕು ಬಿಡಿಸುವುದರಲ್ಲಿ. ಅವಳ ಅಪ್ಪ ಸೇದಿ ಸೇದಿ, ಕೊನೆಯ ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿ, ಹಾಗೇ ಕೂತಲ್ಲೇ ಹೋಗಿಬಿಟ್ಟಿದ್ದ. ಆಗ ಅವಳಿಗೆ ಹನ್ನೊಂದು, ತಮ್ಮನಿಗೆ ನಾಲ್ಕು. ತಮ್ಮನನ್ನು ಸಾಕಿದವಳು ಅವಳೇ. ಅವನು ಅಕ್ಕ ಹಾಕಿದ ಗೆರೆ ದಾಟುವವನಲ್ಲ, ಐವತ್ತು ದಾಟಿದ ಮೇಲೂ.

ಈ ತಮ್ಮನಿಗೆ ಪೇಟೆಯಲ್ಲಿ ಮೊಳೆಬಾಯಿ ಎಂದು ಹೆಸರು. ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಕೆಲಸ. ಆ ಕೆಲಸದವರು ಸಣ್ಣ ಮೊಳೆಗಳನ್ನು ಹಿಡಿಯಷ್ಟು ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿಕೊಂಡು ಹೊಡೆಯುವುದು ವಾಡಿಕೆ. ಎರಡು ಕೈ ಬಟ್ಟೆ ಎಳೆಯುವುದಕ್ಕೂ ಸುತ್ತಿಗೆಗೂ ಬೇಕಲ್ಲ, ಬಾಯಿಯೇ ಮೂರನೇ ಕೈ. ಇವನು ಎಷ್ಟು ಪಳಗಿದ್ದನೆಂದರೆ ಮೊಳೆಗಳನ್ನು ಕೆನ್ನೆಯೊಳಗೆ ಒತ್ತರಿಸಿಟ್ಟು ಮಾತಾಡುತ್ತಿದ್ದ, ನಗುತ್ತಿದ್ದ, ಗಿರಾಕಿಯ ಜೊತೆ ಜಗಳವನ್ನೂ ಆಡುತ್ತಿದ್ದ. ಎದುರಿಗಿದ್ದವನಿಗೆ ಬಾಯಲ್ಲಿ ಏನಿದೆ ಎಂದು ಗೊತ್ತೇ ಆಗುತ್ತಿರಲಿಲ್ಲ. ಗಾಳಿಯಿಂದ ಪಿನ್ನು ಹೊಡೆಯುವ ಗನ್ನು ಬಂದ ಮೇಲೆ ಮೊಳೆಗೆ ಕೆಲಸ ಹೋಯಿತು. ಬಾಯಿ ಖಾಲಿಯಾಯಿತು. ಮೂವತ್ತರ ವಯಸ್ಸಿನವರೆಗೆ ಸಿಗರೇಟು ಮುಟ್ಟದಿದ್ದವನು ಆ ವರ್ಷವೇ ಶುರುಮಾಡಿದ. ಬೇರಕ್ಕನ ಸಿದ್ಧಾಂತ ಹುಟ್ಟಿದ್ದೂ ಅಲ್ಲಿಂದಲೇ.

ಎರಡು ವರ್ಷದ ಹಿಂದೆ ಅವನ ಕೆಮ್ಮಿನಲ್ಲಿ ಅಪ್ಪನ ಕೆಮ್ಮು ಕೇಳಿಸಿತು. ಆ ಸಂಜೆಯೇ ಬೇರಕ್ಕ ಅವನನ್ನು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಜ್ಯೇಷ್ಠಮಧುವಿನ ಬೇರನ್ನು ಮೊಳೆಯುದ್ದಕ್ಕೆ ತುಂಡರಿಸಿ ಕೈಗಿಟ್ಟಳು. ಸಿಗರೇಟು ಬೇಕೆನಿಸಿದಾಗ ಇದನ್ನು ಜಗಿ ಎಂದಳು. ಬೇರು ಸಿಹಿ, ಗಂಟಲಿಗೆ ತಂಪು, ಮೊಳೆಯ ಹಾಗೆ ಕೆನ್ನೆಯಲ್ಲಿ ಕೂರುತ್ತದೆ. ತಮ್ಮ ಜಗಿದ. ಸಿಗರೇಟು ಬಿಟ್ಟ. ನಿಜವಾಗಿಯೂ ಬಿಟ್ಟ. ಅವಳು ಆನಂದದಿಂದ ಅತ್ತುಬಿಟ್ಟಳು. ಸೋಫಾದ ಗುಂಡಿ ಕಟ್ಟುವ ದಪ್ಪ ದಾರವನ್ನು ಅವನಿಂದ ಒಂದು ಮಾರು ಕೇಳಿ ತೆಗೆದುಕೊಂಡು, ಅವನ ಕೈಯಿಂದಲೇ ಅದಕ್ಕೊಂದು ಗಂಟು ಹಾಕಿಸಿ, ಅಂಗಡಿಯ ಬಾಗಿಲಿಗೆ ತೂಗುಹಾಕಿದಳು.

ಅಲ್ಲಿಂದ ಅವಳನ್ನು ಹಿಡಿಯುವವರಿರಲಿಲ್ಲ. ಬೆರಳು ಹಳದಿಯಾದವರು, ಹಲ್ಲು ಕರಿಯಾದವರು ಯಾರೇ ಬರಲಿ, ಒಂದು ಕಟ್ಟು ಬೇರು ಕೊಟ್ಟು, ಮುಗಿದರೆ ಇಷ್ಟು ದೂರ ಬರಬೇಕಿಲ್ಲ, ಯಾವ ಗಂಧಿಗೆ ಅಂಗಡಿಯಲ್ಲೂ ಸಿಗುತ್ತದೆ ಎಂದು ಹೇಳಿ ಕಳಿಸುತ್ತಿದ್ದಳು. ಅನುಮಾನಪಟ್ಟವರಿಗೆ ಸ್ಟೂಲು ತೋರಿಸುತ್ತಿದ್ದಳು. "ನನ್ನ ತಮ್ಮನ್ನ ನೋಡಿ." ದಿನಾ ಸಂಜೆ ಕೆಲಸ ಮುಗಿಸಿ ಅವನು ಅಲ್ಲಿ ಬಂದು ಕೂರುತ್ತಿದ್ದ, ತುಟಿಯ ಮೂಲೆಯಲ್ಲಿ ಬೇರಿನ ತುದಿ ಕಾಣುವ ಹಾಗೆ. ಬೇರು ಒಯ್ದವರು ಒಂದು ತಿಂಗಳಾದರೂ ಮತ್ತೆ ಬರಲಿಲ್ಲವೆಂದರೆ ಅವಳು ದಾರಕ್ಕೆ ಇನ್ನೊಂದು ಗಂಟು ಹಾಕುತ್ತಿದ್ದಳು. ರೋಗ ವಾಸಿಯಾದವನು ಅಂಗಡಿಗೆ ಏಕೆ ಬರುತ್ತಾನೆ? ಹೀಗೆ ಎರಡು ವರ್ಷದಲ್ಲಿ ನಲವತ್ತೊಂದು ಗಂಟು. ಈ ಲೆಕ್ಕದಲ್ಲಿ ಏನೋ ಎಡವಟ್ಟಿದೆ ಎಂದು ಓದುವವರಿಗೆ ಈಗಲೇ ಹೊಳೆದಿರಬಹುದು. ಅವಳಿಗೆ ಹೊಳೆಯಲಿಲ್ಲ. ಪ್ರೀತಿಯಿಂದ ಮಾಡುವ ಕೆಲಸದಲ್ಲಿ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ.

ಆರು ತಿಂಗಳ ಹಿಂದೆ ಒಮ್ಮೆ, ಎದುರಿನ ಚಹಾದಂಗಡಿಯಲ್ಲಿ ಸಿಗರೇಟು ಸೇದುತ್ತ ಕೂತಿದ್ದವನ ಕಡೆಗೆ ತಮ್ಮ ನೆಟ್ಟ ಕಣ್ಣಿನಿಂದ ನೋಡುತ್ತಿದ್ದುದನ್ನು ಕಂಡು, ಆಸೆ ಮತ್ತೆ ಕೆರಳಿದೆ ಎಂದುಕೊಂಡಳು. ಮರುದಿನದಿಂದ, ಅಲ್ಲಿಯವರೆಗೆ ದಿನಕ್ಕೆ ಕೊಡುತ್ತಿದ್ದ ಆರು ಕಡ್ಡಿಯನ್ನು ಹನ್ನೆರಡು ಮಾಡಿದಳು. ದಪ್ಪನೆಯವನ್ನೇ ಆರಿಸಿ ಕೊಟ್ಟಳು. ತಮ್ಮ ಏನೂ ಹೇಳದೆ ತೆಗೆದುಕೊಂಡ.

ಒಂದು ದಿನ ಮೂರು ಜನ ಕೂರುವ ಸೋಫಾದ ಚೌಕಟ್ಟು ಎತ್ತಲು ಹೋದಾಗ ತಮ್ಮನ ಮೊಣಕಾಲು ಸೋತಿತು. ಬಿದ್ದದ್ದಲ್ಲ, ಮೆಲ್ಲಗೆ ಕುಸಿದು ಕೂತ. ಏಳಲು ಆಗಲಿಲ್ಲ. ಕಾಲು ತನ್ನದಲ್ಲವೇನೋ ಎಂಬಂತೆ ನೋಡುತ್ತ ಕೂತವನನ್ನು ಪಕ್ಕದ ಬಡಗಿಯೂ ತಮ್ಮನ ಹೆಂಡತಿಯೂ ಸೇರಿ ಆಸ್ಪತ್ರೆಗೆ ಸಾಗಿಸಿದರು. ರಕ್ತದೊತ್ತಡ ಆಕಾಶಕ್ಕೇರಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಪಾತಾಳಕ್ಕಿಳಿದಿತ್ತು. ಅದು ಇನ್ನೂ ಇಳಿದರೆ ಕಾಲು ಮಾತ್ರವಲ್ಲ, ಹೃದಯವೂ ಹೀಗೇ ಕುಸಿದು ಕೂರಬಹುದು ಎಂದು ವಾರ್ಡಿನ ಡಾಕ್ಟರಮ್ಮ ಹೇಳಿದರು. ಚಿಕ್ಕ ವಯಸ್ಸಿನ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಇಲ್ಲ ಎಂದ. ಕುಡಿತ? ಇಲ್ಲ. ಸಿಗರೇಟು? ಬಿಟ್ಟು ಎರಡು ವರ್ಷವಾಯಿತು ಎಂದು ಹೆಂಡತಿ ಹೆಮ್ಮೆಯಿಂದ ಹೇಳಿದಳು. ಯಾರೂ ಸುಳ್ಳು ಹೇಳಲಿಲ್ಲ. ಬೇರು ಅವರ ಮನಸ್ಸಿನಲ್ಲಿ ಮಾತ್ರೆಯೂ ಅಲ್ಲ, ಚಟವೂ ಅಲ್ಲ.

ಬಾಟಲಿಯ ಮೇಲೆ ಬಾಟಲಿ ಏರಿಸಿದರು. ಲವಣ ಒಂದು ಹೊತ್ತು ಏರುವುದು, ಮರುಹೊತ್ತಿಗೆ ಇಳಿಯುವುದು. ಹೀಗೆ ನಾಲ್ಕು ದಿನ. ಹೃದಯದ ಗೆರೆ ತೋರಿಸುವ ಯಂತ್ರದ ಮುಂದೆ ತಮ್ಮನ ಹೆಂಡತಿ ಊಟ ಬಿಟ್ಟು ಕೂತಿದ್ದಳು. ಬೇರಕ್ಕ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಿದ್ದಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಆರಾರು ಕಡ್ಡಿ ತೆಗೆದುಕೊಂಡು. ಕಷ್ಟದ ಕಾಲದಲ್ಲೇ ಮನುಷ್ಯ ಹಳೆಯ ಚಟಕ್ಕೆ ಜಾರುವುದು ಎಂದು ಅವಳಿಗೆ ಗೊತ್ತಿತ್ತು. ತಮ್ಮ ಅದನ್ನು ಕೆನ್ನೆಯೊಳಗೆ ಒತ್ತರಿಸಿಕೊಂಡೇ ಡಾಕ್ಟರಮ್ಮನ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತಿದ್ದ. ಅವರಿಗೆ ಹೇಗೆ ಗೊತ್ತಾಗಬೇಕು?

ಐದನೆಯ ಬೆಳಿಗ್ಗೆ ಬೇರಕ್ಕ ಕಡ್ಡಿ ಸುತ್ತಿದ ಬಟ್ಟೆ ಬಿಚ್ಚುವುದಕ್ಕೂ ಡಾಕ್ಟರಮ್ಮ ಮಂಚದ ಬಳಿ ಬರುವುದಕ್ಕೂ ಸರಿಹೋಯಿತು. ಇದೇನು ಎಂದು ಕೇಳಿದರು. ಬೇರಕ್ಕ ಇಂಥ ಪ್ರಶ್ನೆಗೇ ಕಾದವಳಂತೆ ಸೆರಗು ಸರಿಮಾಡಿಕೊಂಡಳು.

"ಇವನ ಸಿಗರೇಟು ಬಿಡಿಸಿದ್ದು ಇದೇ ಡಾಕ್ಟರಮ್ಮ. ದಿನಕ್ಕೆ ಹನ್ನೆರಡು ಕಡ್ಡಿ, ಒಂದು ದಿನ ತಪ್ಪಿಲ್ಲ. ಇಲ್ಲಿಗೆ ಸೇರಿಸಿದ ಮೇಲೂ ಎರಡು ಹೊತ್ತು ನಾನೇ ತಂದುಕೊಡ್ತಿದ್ದೀನಿ."

ಮೆಚ್ಚುಗೆಯ ಒಂದು ಮಾತು ಬರುತ್ತದೆಂದು ಅವಳು ಮುಖ ನೋಡಿದಳು. ಆ ಮುಖದ ಬಣ್ಣವೇ ಬದಲಾಗಿತ್ತು. ಡಾಕ್ಟರಮ್ಮ ರೋಗಿಯ ಕಡೆ ತಿರುಗಿ ಬಾಯಿ ತೆರೆಯಲು ಹೇಳಿದರು. ತಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಅಕ್ಕನನ್ನೊಮ್ಮೆ ನೋಡಿ, ಕೆನ್ನೆಯಿಂದ ನಾರುನಾರಾದ ಮುದ್ದೆಯೊಂದನ್ನು ನಾಲಿಗೆಯ ಮೇಲೆ ತಂದ. ಅವರು ತಟ್ಟೆ ಹಿಡಿದರು. ಉಗಿದ.

"ಇದು ಬಾಯಲ್ಲಿ ಇರೋವರೆಗೂ ನಾವು ಎಷ್ಟು ಏರಿಸಿದ್ರೂ ಸೋರಿ ಹೋಗುತ್ತೆ," ಎಂದರು ಡಾಕ್ಟರಮ್ಮ. "ನಾಲ್ಕು ದಿನದಿಂದ ನಾವು ಮೇಲಿಂದ ತುಂಬಿಸ್ತಿದ್ದೀವಿ, ನೀವು ಕೆಳಗಿಂದ ತೂತು ಕೊರೀತಿದ್ದೀರಿ."

ಬೇರಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅವರು ಬಿಡಿಸಿ ಹೇಳಿದರು. ಈ ಬೇರಿನ ಸಿಹಿಯೊಳಗಿನ ಅಂಶ ದಿನಗಟ್ಟಲೆ ಹೆಚ್ಚಾಗಿ ಹೊಟ್ಟೆಗೆ ಹೋದರೆ ಮೈ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಹೊರಗೆ ಹಾಕುತ್ತದೆ. ಒತ್ತಡ ಏರುತ್ತದೆ, ಸ್ನಾಯು ಸೋಲುತ್ತದೆ. ಬೇರಕ್ಕನ ಕೈಯ ಬಟ್ಟೆಯಲ್ಲಿ ಆರೂ ಕಡ್ಡಿ ಹಾಗೇ ಇದ್ದವು. ಅವನ್ನು ಎಲ್ಲಿಡುವುದು, ಯಾವ ಕೈಯಲ್ಲಿ ಹಿಡಿಯುವುದು ತಿಳಿಯದೆ ಹಾವು ಹಿಡಿದವಳಂತೆ ನಿಂತಿದ್ದಳು. ತನ್ನ ಕೈಯಿಂದಲೇ. ನಾಲ್ಕು ವರ್ಷದ ಮಗುವಿಗೆ ತುತ್ತಿಟ್ಟ ಕೈಯಿಂದಲೇ.

ಮಧ್ಯಾಹ್ನದ ಹೊತ್ತಿಗೆ ಗಾಬರಿ ಹೋಗಿ ಸಿಟ್ಟು ಬಂತು. ತಲೆತಲಾಂತರದಿಂದ ಜನ ಜಗಿದ ಬೇರು, ಇವರು ನಿನ್ನೆ ಮೊನ್ನೆ ಓದಿ ಬಂದವರು. ಓಣಿಯಂಥ ಕಾರಿಡಾರಿನಲ್ಲಿ ಡಾಕ್ಟರಮ್ಮನನ್ನು ಅಡ್ಡಗಟ್ಟಿ, ತಮ್ಮನೊಬ್ಬನದು ಏನೋ ಆಗಿರಬಹುದು, ನಲವತ್ತೊಂದು ಜನ ತಂಬಾಕು ಬಿಟ್ಟದ್ದು ಸುಳ್ಳೇ ಎಂದು ಕೇಳಿದಳು. ಬಿಟ್ಟದ್ದು ಹೇಗೆ ಗೊತ್ತು ಎಂದು ಅವರು ಕೇಳಿದರು. ಮತ್ತೆ ಬರಲಿಲ್ಲವಲ್ಲ ಎಂದಳು.

ಡಾಕ್ಟರಮ್ಮ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಗಿಡದ ಮದ್ದೆಂದರೆ ತಾನು ಮೂಗು ಮುರಿಯುವವಳಲ್ಲ ಎಂದರು. ಹಳದಿ ಹೂ ಬಿಡುವ ಒಂದು ಮರದ ಬೀಜದಲ್ಲಿ ಸಿಗುವ ಮದ್ದು ತಂಬಾಕು ಬಿಡಿಸಲು ನಿಜವಾಗಿಯೂ ನೆರವಾಗುತ್ತದಂತೆ. ಬೀಜ ಹಾಗೇ ತಿಂದರೆ ವಿಷ, ಅಳತೆ ಮಾಡಿ ಗುಳಿಗೆ ಕಟ್ಟಿದರೆ ಮದ್ದು. ಅದನ್ನು ಸಾವಿರಾರು ಜನರ ಮೇಲೆ ನೋಡಿದ್ದಾರೆ, ಕೆಲವರಿಗೆ ಮದ್ದು, ಕೆಲವರಿಗೆ ಏನೂ ಇಲ್ಲದ ಗುಳಿಗೆ, ಯಾರಿಗೆ ಯಾವುದೆಂದು ಹೇಳದೆ. ತಿಂಗಳುಗಟ್ಟಲೆ ಬೆನ್ನು ಬಿದ್ದು ಕೇಳಿದ್ದಾರೆ, ಉಸಿರು ಊದಿಸಿ ನೋಡಿದ್ದಾರೆ. ಜ್ಯೇಷ್ಠಮಧುವಿನ ವಿಷಯದಲ್ಲಿ ಅಂಥ ಗಟ್ಟಿ ಪುರಾವೆ ಇಲ್ಲ ಎಂದರು.

ಅಷ್ಟು ಜನರನ್ನು ಕೇಳಿದಾಗ ಕೆಲವರು ಮತ್ತೆ ಬಾರದೇ ಹೋಗಿರಬೇಕಲ್ಲ, ಅವರನ್ನು ಏನೆಂದು ಲೆಕ್ಕ ಹಿಡಿಯುತ್ತೀರಿ ಎಂದು ಬೇರಕ್ಕ ಪಟ್ಟು ಬಿಡದೆ ಕೇಳಿದಳು.

"ಬರದೇ ಇದ್ದವರು ಇನ್ನೂ ಸೇದ್ತಿದ್ದಾರೆ ಅಂತಲೇ ಲೆಕ್ಕ," ಎಂದರು ಡಾಕ್ಟರಮ್ಮ. "ಅದಿರಲಿ. ನಿಮ್ಮ ನಲವತ್ತೊಂದರಲ್ಲಿ ಇವರ ಹಾಗೆ ಇನ್ನೂ ಜಗೀತಿರೋರು ಯಾರಾದ್ರೂ ಇದ್ರೆ?"

ಬೇರಕ್ಕ ಆ ದಿನವೇ ಅಂಗಡಿಗೆ ಬೀಗ ಹಾಕಿದಳು. ದಾರವನ್ನು ಬಾಗಿಲಿನಿಂದ ಬಿಚ್ಚಿ ಕೈಗೆ ಸುತ್ತಿಕೊಂಡು ಹೊರಟಳು. ಯಾವ ಗಂಟು ಯಾರದೆಂದು ಅವಳಿಗೆ ಬಾಯಿಪಾಠ.

ಮೊದಲು ಸಿಕ್ಕವನು ಗೇಟು ಬೆಸೆಯುವ ವೆಲ್ಡರ್. ಅವನ ಕಿವಿಯ ಮೇಲೆಯೇ ಒಂದು ಸಿಗರೇಟಿತ್ತು. ಬೇರು ಬಹಳ ಚೆನ್ನಾಗಿತ್ತು ಎಂದು ಮನಸಾರೆ ಹೊಗಳಿದ. ಸೇದಿದ ಮೇಲೆ ಒಂದು ಕಡ್ಡಿ ಜಗಿದರೆ ಬಾಯಿ ವಾಸನೆ ಬರುತ್ತಿರಲಿಲ್ಲ, ಹೆಂಡತಿಗೆ ಗೊತ್ತಾಗುತ್ತಿರಲಿಲ್ಲ. ಮುಗಿದ ಮೇಲೆ ಹೆಂಡತಿಗೆ ಗೊತ್ತಾಯಿತು, ಅವಳು ಬೈಯುವುದೂ ರೂಢಿಯಾಯಿತು, ಹಾಗಾಗಿ ಮತ್ತೆ ಬರಲಿಲ್ಲವಂತೆ. ಆಮೇಲಿನವನು ಬೇರನ್ನು ನಾಯಿಗೆ ಹಾಕಿದ್ದ. ಅದರಾಚೆಯವನು ಅವಳನ್ನು ದೂರದಿಂದ ಕಂಡೇ ಹಿಂಬಾಗಿಲಿನಿಂದ ಜಾರಿಕೊಂಡ. ನಿಜವಾಗಿ ಬಿಟ್ಟವರೂ ಮೂವರು ಸಿಕ್ಕರು. ಅವರಲ್ಲೊಬ್ಬ ಬೇರು ಬಾಯಿಗೂ ಹಾಕದೆ ತಾನಾಗಿಯೇ ಬಿಟ್ಟವನು. ಇನ್ನಿಬ್ಬರು ಬೇರಿನ ರುಚಿ ಹಿಡಿಸದೆ ಎರಡೇ ದಿನಕ್ಕೆ ಉಗಿದು, ಆಸ್ಪತ್ರೆಯಲ್ಲಿ ಕೊಡುವ ನಿಕೋಟಿನ್ ಚೂಯಿಂಗ್ ಗಮ್ಮು ಜಗಿದು, ವಾರವಾರ ಅಲ್ಲಿ ಹೋಗಿ ಮಾತಾಡಿ ಬಿಟ್ಟವರು. ಅವಳಿಗೆ ಬೇಜಾರಾಗಬಾರದೆಂದು ಹೇಳಿರಲಿಲ್ಲ.

ಬಸ್ ಡ್ರೈವರನ ಮನೆಗೆ ಧೈರ್ಯವಾಗಿಯೇ ಹೋದಳು. ದಿನಾ ಅಂಗಡಿಯ ಮುಂದೆ ಬಸ್ಸು ನಿಧಾನ ಮಾಡಿ, ಕಿಟಕಿಯಿಂದ ಖಾಲಿ ಅಂಗೈ ತೋರಿಸಿ ನಗುತ್ತಿದ್ದವನು ಅವನು. ರೂಟು ಬದಲಾಯಿತೇನೋ, ಬಹಳ ದಿನದಿಂದ ಕಂಡಿರಲಿಲ್ಲ. ಅವನ ಮಗಳು ಬಾಗಿಲು ತೆರೆದು, ಅಪ್ಪ ಹೋಗಿ ಒಂದು ವರ್ಷವಾಯಿತು ಎಂದಳು. ಶ್ವಾಸಕೋಶ. ಕೊನೆಯವರೆಗೂ ಸೇದುತ್ತಿದ್ದನಂತೆ.

"ನಿಮ್ಮ ಅಂಗಡಿ ಬರ್ತಿದ್ದ ಹಾಗೆ ಮಾತ್ರ ಆಚೆ ಎಸೆದುಬಿಡ್ತಿದ್ರು," ಎಂದಳು ಮಗಳು. "ಪಾಪ, ಆಕೆ ನೊಂದ್ಕೋತಾಳೆ ಅಂತಿದ್ರು."

ಬೇರಕ್ಕ ಅವರ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಸತ್ತು ಒಂದು ವರ್ಷವಾದವನನ್ನು ಗುಣವಾದವರ ಲೆಕ್ಕದಲ್ಲಿಟ್ಟು, ಬಂದವರಿಗೆಲ್ಲ ಅವನ ಗಂಟು ಮುಟ್ಟಿಸಿದ್ದಳು. ಆ ಮಗಳೇ ನೀರು ತಂದುಕೊಟ್ಟಳು.

ಮೂರನೆಯ ದಿನಕ್ಕೆ ಮೂವತ್ತೊಂಬತ್ತು ಜನರ ಸಮಾಚಾರ ತಿಳಿದಿತ್ತು. ಯಾರೂ ಜಗಿಯುತ್ತಿರಲಿಲ್ಲ. ಸೇದುವವರನ್ನು ಕಂಡು ಸದ್ಯ ಬದುಕಿದೆ ಎಂದು ಉಸಿರು ಬಿಡುವ ಗತಿ ತನಗೆ ಬಂತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇನ್ನು ಮನೆಗೆ ಹೋಗೋಣವೆಂದುಕೊಂಡವಳು, ಪೇಟೆಯ ಆ ತುದಿಯ ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಉಳಿದಳಲ್ಲ ಎಂದು ಹೋದಳು. ಹೊಗೆಸೊಪ್ಪು ಅಗಿಯುತ್ತಿದ್ದವಳು. ಬೇರಕ್ಕನನ್ನು ಕಂಡದ್ದೇ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಎರಡೂ ಕೈ ಹಿಡಿದುಕೊಂಡಳು. ದಿನಾ ನೆನೆಸಿಕೊಳ್ಳುತ್ತೇನೆ ಎಂದಳು. ಹೊಗೆಸೊಪ್ಪು ಬಿಟ್ಟು ಹದಿನಾಲ್ಕು ತಿಂಗಳು. ಬೇರನ್ನು ಹತ್ತಿರದ ಗಂಧಿಗೆ ಅಂಗಡಿಯಿಂದ ಚೀಲಗಟ್ಟಲೆ ತರಿಸುತ್ತಾಳಂತೆ. ಅವಳ ಮಾತಿನ ಜೊತೆ ಆ ಸಿಹಿ ವಾಸನೆ ಬಂತು. ಬೇರಕ್ಕ ಕೆಳಗೆ ನೋಡಿದಳು. ಕಾಲಿನ ಗಂಟು ಕಾಣದ ಹಾಗೆ ಪಾದ ಊದಿಕೊಂಡಿತ್ತು. ದಿನವೆಲ್ಲ ನಿಂತು ನಿಂತು ಹೀಗೆ, ತಲೆಯೂ ಸಿಡಿಯುತ್ತದೆ ಎಂದಳು ಆಕೆ.

ಬಾಯಲ್ಲಿದ್ದದ್ದನ್ನು ಅಲ್ಲೇ ಉಗಿಸಿ, ಮಡಿಸಿದ ಬಟ್ಟೆಯ ರಾಶಿ ಇದ್ದಲ್ಲೇ ಬಿಡಿಸಿ, ಬೇರಕ್ಕ ಆಕೆಯನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಒತ್ತಡ ನೋಡಿದ ನರ್ಸು ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದು ತಂದು ನೋಡಿದಳು. ಆಗಲೇ ಮಂಚಕ್ಕೆ ಹಾಕಿದರು. ಇನ್ನು ಕೆಲವು ದಿನ ಕಳೆದಿದ್ದರೆ ಏನಾಗುತ್ತಿತ್ತೋ ಎಂದರು ಡಾಕ್ಟರಮ್ಮ. ಬೇರಕ್ಕನ ಮಾತನ್ನು ನಂಬಿ ನಡೆದವರು ಇಬ್ಬರೇ. ಆ ಇಬ್ಬರೂ ಒಂದೇ ಮಹಡಿಯಲ್ಲಿ ಬಾಟಲಿ ಏರಿಸಿಕೊಂಡು ಮಲಗಿದ್ದರು.

ಇಬ್ಬರೂ ಉಳಿದರು. ಬೇರು ನಿಂತ ಮೇಲೆ ತಮ್ಮನ ಲವಣ ದಿನದಿನಕ್ಕೂ ಏರಿ, ಎರಡು ವಾರಕ್ಕೆ ಅವನು ಕೋಲು ಹಿಡಿದು ನಡೆದು ಮನೆಗೆ ಬಂದ. ಬೇರಕ್ಕನಿಗೆ ಈಗ ಒಂದೇ ಚಿಂತೆ. ಬಾಯಿ ಮತ್ತೆ ಖಾಲಿಯಾಯಿತಲ್ಲ. ಅಪ್ಪನ ಕೆಮ್ಮು ಮತ್ತೆ ಬಂದರೆ? ಆಸ್ಪತ್ರೆಯಲ್ಲಿ ಕೇಳಿ, ಹೇಗೆ ಜಗಿಯಬೇಕೆಂದು ಎರಡೆರಡು ಸಲ ಹೇಳಿಸಿಕೊಂಡು, ಗಮ್ಮಿನ ಪೊಟ್ಟಣ ಹಿಡಿದು ಅವನ ಕಾರ್ಖಾನೆಗೆ ಹೋದಳು. ತಮ್ಮ ಬಟ್ಟೆ ಬಿಚ್ಚಿದ ಒಂದು ಕುರ್ಚಿಯ ಮುಂದೆ ನೆಲದ ಮೇಲೆ ಕೂತು ಹಳೆಯ ಪಿನ್ನು ಕೀಳುತ್ತಿದ್ದ. ಪೊಟ್ಟಣ ನೋಡಿ, ಬೇಡ ಎಂದ.

ಧೈರ್ಯ ತೋರಿಸಬೇಡ, ಆ ದಿನ ಚಹಾದಂಗಡಿಯಲ್ಲಿ ಸೇದುವವನನ್ನು ಹೇಗೆ ನೋಡುತ್ತಿದ್ದೆ ಎಂದು ನಾನು ಕಂಡಿದ್ದೇನೆ ಎಂದಳು ಬೇರಕ್ಕ.

"ಅವನ್ನ ನೋಡ್ಲಿಲ್ಲ ಅಕ್ಕಾ. ಅವನು ಕೂತಿದ್ದ ಕುರ್ಚಿ ನೋಡ್ತಿದ್ದೆ. ಸೀಟು ಹರಿದು ಸ್ಪ್ರಿಂಗು ಹೊರಗೆ ಬಂದಿತ್ತು."

ತಮ್ಮ ಪಿನ್ನು ಕೀಳುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ಸಿಗರೇಟಿನ ಆಸೆ ಮೊದಲನೇ ತಿಂಗಳಿಗೇ ಹೋಗಿತ್ತು. ಆ ಸಿಹಿ ನನಗೆ ಯಾವತ್ತೂ ಸೇರ್ತಿರಲಿಲ್ಲ."

"ಮತ್ತೆ ಹೇಳೋಕೇನಾಗಿತ್ತೋ ನಿನಗೆ? ಎರಡು ವರ್ಷ ಜಗಿದೆಯಲ್ಲೋ."

"ಹೇಳಿದ್ರೆ ನೀನು ಯಾರನ್ನ ತೋರಿಸ್ತಿದ್ದೆ?"

ಬೇರಕ್ಕ ಗಮ್ಮಿನ ಪೊಟ್ಟಣವನ್ನು ಮೊಳೆಯ ಹಳೇ ಡಬ್ಬಿಯ ಮೇಲಿಟ್ಟು ಹೊರಗೆ ಬಂದಳು. ರಸ್ತೆಯಲ್ಲಿ ಯಾರೋ ಮಾತಾಡಿಸಿದರು, ಯಾರೆಂದು ಅವಳಿಗೆ ಗೊತ್ತಾಗಲಿಲ್ಲ. ತಪ್ಪು ತಿಳಿದು ವಿಷ ಕೊಟ್ಟೆ ಎಂಬುದನ್ನು ಹೇಗೋ ನುಂಗಿಕೊಂಡಿದ್ದಳು. ಅದು ವಿಷವೋ ಅಮೃತವೋ ಎಂದು ಕೇಳದೆ, ತನ್ನ ಮುಖ ಬಾಡಬಾರದೆಂದು ಅವನು ಎರಡು ವರ್ಷ ಜಗಿದ ಎಂಬುದನ್ನು ನುಂಗಲಾಗಲಿಲ್ಲ.

ಅಂಗಡಿಯ ಬೀಗ ತೆಗೆದು ದಾರವನ್ನು ಮೇಜಿನ ಮೇಲಿಟ್ಟು ಒಂದೊಂದೇ ಗಂಟು ಬಿಚ್ಚತೊಡಗಿದಳು. ಅವಳು ಹಾಕಿದವೆಲ್ಲ ಬಿಚ್ಚಿಕೊಂಡವು. ತಮ್ಮ ಹಾಕಿದ ಮೊದಲನೆಯದು ಸೋಫಾದ ಗುಂಡಿಗೆ ಹಾಕುವಂಥದು, ಎಳೆದಷ್ಟೂ ಬಿಗಿಯುತ್ತದೆ. ಅದರ ಜೊತೆ ಗುದ್ದಾಡುತ್ತಿರುವಾಗ ಬಾಗಿಲಲ್ಲಿ ಒಬ್ಬ ನಿಂತ. ಬೆರಳು ಹಳದಿ. ತಂಬಾಕು ಬಿಡಿಸುವ ಬೇರು ಇಲ್ಲೇ ಅಲ್ಲವೇ ಕೊಡುವುದು ಎಂದ. ಬೇರಕ್ಕ ಖಾಲಿ ಸ್ಟೂಲಿನ ಕಡೆ ನೋಡಿದಳು. ಆಮೇಲೆ ಆಸ್ಪತ್ರೆಯ ಯಾವ ಬಾಗಿಲು, ಯಾವ ವಾರ, ಯಾರನ್ನು ಕೇಳಬೇಕು ಎಂಬುದನ್ನೆಲ್ಲ ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟಳು. ಅವನು ಹೊರಟಾಗ ಮತ್ತೆ ಕರೆದಳು.

"ಬಿಟ್ರೂ ಬಂದು ಹೇಳಿ, ಬಿಡದಿದ್ರೂ ಬಂದು ಹೇಳಿ. ನನಗೆ ಬೇಜಾರಾಗುತ್ತೆ ಅಂತ ಮಾತ್ರ ಸುಳ್ಳು ಹೇಳ್ಬೇಡಿ."